ಹೂಂ ಅಂದರೆ ಹೌದೇ?

ದಿನಕ್ಕೆ ನೂರಾರು ಸಲ ನಾವು ಆಡುವ, ಆದರೆ ಯಾವ ಪಠ್ಯಪುಸ್ತಕದಲ್ಲೂ ಪಾಠವಾಗಿ ಬಾರದ, ಯಾವ ಪರೀಕ್ಷೆಯಲ್ಲೂ ಅಂಕ ತಂದುಕೊಡದ ಮಾತೊಂದಿದೆ. ಅದನ್ನಾಡಲು ಬಾಯಿ ತೆರೆಯಬೇಕಾಗಿಲ್ಲ. ಬಾಯಿ ತುಂಬ ಕವಳ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತ ನಮ್ಮ ಉತ್ತರ ಕನ್ನಡದ ಹಿರಿಯರಿಗೂ ಅದು ಸಲೀಸು. ನಿಘಂಟಿನಲ್ಲಿ ಅದಕ್ಕೆ ಸಿಗುವುದು ಒಂದೆರಡು ಸಾಲಿನ ಜಾಗ. ಆದರೆ ಅದಿಲ್ಲದೆ ಎರಡು ನಿಮಿಷದ ಮಾತುಕತೆಯೂ ಮುಂದೆ ಸಾಗದು. ಆ ಮಾತು ‘ಹೂಂ’.

ಈ ವಿಷಯ ನನ್ನ ತಲೆ ಹೊಕ್ಕಿದ್ದು ಜಪಾನಿನ ದೆಸೆಯಿಂದ. ನಮ್ಮಲ್ಲಿ ಹೈಸ್ಕೂಲು ಕಲಿತು, ಡಿಪ್ಲೊಮಾ ಮುಗಿಸಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗನೊಬ್ಬ ಭಾರತ ಹುಣ್ಣಿಮೆಯ ಜಾತ್ರೆಗೆಂದು ಉಳವಿಗೆ ಬಂದಿದ್ದ. 1999ರ ಕೊನೆಗೆ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕಾರು ತಯಾರಾಗತೊಡಗಿದ ಮೇಲೆ ಬೆಂಗಳೂರಿನ ಸುತ್ತ ಜಪಾನಿ ಭಾಷೆಗೆ ಒಂದು ಬೆಲೆ ಬಂದಿದೆಯಷ್ಟೆ. ಇವನೂ ಸಂಜೆಯ ತರಗತಿಗೆ ಹೋಗುತ್ತಿದ್ದಾನೆ. ‘ಹೆಂಗಪಾ, ಕಷ್ಟ ಏನು?’ ಎಂದು ಕೇಳಿದೆ. ಅವನ ಉತ್ತರ ಹೀಗಿತ್ತು: ‘ಸರ್ರ, ಅಲ್ಲಿ ವ್ಯಾಕರಣ ತಪ್ಪಿದ್ರ ನಡೀತೈತಿ. ಅವ್ರು ಮಾತಾಡೂವಾಗ ನಾವು ಗಪ್ಪ ಕುಂತ್ರ ಮಾತ್ರ ನಡಿಯಂಗಿಲ್ಲ. ಹೂಂ ಅನ್ನೂದಕ್ಕೂ ಒಂದು ಪಾಠ ಐತ್ರಿ!’

ಅವನು ತಮಾಷೆ ಮಾಡುತ್ತಿರಲಿಲ್ಲ. ಜಪಾನಿಯರಲ್ಲಿ ಕೇಳುವವನು ನಡುನಡುವೆ ಹಾಕುವ ಈ ಹೂಂಕಾರಗಳಿಗೆ ‘ಐಜುಚಿ’ ಎಂಬ ಪ್ರತ್ಯೇಕ ಹೆಸರೇ ಇದೆ. ಹೆಸರಿನ ಮೂಲ ಸೊಗಸಾಗಿದೆ. ‘ಐ’ ಎಂದರೆ ಜೊತೆಯ, ಪರಸ್ಪರದ. ‘ತ್ಸುಚಿ’ ಎಂದರೆ ಸುತ್ತಿಗೆ. ಎರಡೂ ಕೂಡಿದಾಗ ‘ತ್ಸು’ ಮೆತ್ತಗಾಗಿ ‘ಜು’ ಆಗುತ್ತದೆ. (ಇದು ವಿಚಿತ್ರವೆನಿಸಿದರೆ ನಿಮ್ಮ ಕನ್ನಡ ವ್ಯಾಕರಣದ ಆದೇಶ ಸಂಧಿಯನ್ನು ನೆನಪಿಸಿಕೊಳ್ಳಿ. ಮಳೆ ಮತ್ತು ಕಾಲ ಕೂಡಿದರೆ ಮಳೆಗಾಲ. ಬೆಟ್ಟ ಮತ್ತು ತಾವರೆ ಕೂಡಿದರೆ ಬೆಟ್ಟದಾವರೆ. ಅವರದೂ ಅಂಥದೇ ಜಾಯಮಾನ.) ಅಲ್ಲಿಗೆ ಐಜುಚಿ ಎಂದರೆ ಜೊತೆ ಸುತ್ತಿಗೆ.

ಕುಲುಮೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದಿನ ಹುಡುಗರಲ್ಲಿ ಕಂಡವರು ಕಡಿಮೆ, ಅವರಿಗಾಗಿ ಹೇಳುತ್ತೇನೆ. ಕಾಯಿಸಿದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದ ಕಂಬಾರನ ಕೈಯಲ್ಲಿ ಸಣ್ಣ ಸುತ್ತಿಗೆ. ಎದುರಿಗೆ ನಿಂತ ಜೊತೆಗಾರನ ಕೈಯಲ್ಲಿ ದೊಡ್ಡ ಸಮ್ಮಟಿಗೆ. ಕಂಬಾರ ಸಣ್ಣದಾಗಿ ಒಂದು ಪೆಟ್ಟು ಹಾಕಿ ಜಾಗ ತೋರಿಸುತ್ತಾನೆ, ಜೊತೆಗಾರನ ಸಮ್ಮಟಿಗೆ ಸರಿಯಾಗಿ ಅಲ್ಲಿಯೇ ಬೀಳುತ್ತದೆ. ಠಣ್, ಧಡ್, ಠಣ್, ಧಡ್. ಇಬ್ಬರ ನಡುವೆ ಒಂದು ಮಾತಿಲ್ಲ. ಕೆಂಪಗೆ ಕಾದ ಕಬ್ಬಿಣ ತನ್ನ ಶಾಖವನ್ನು ಬಹು ಬೇಗ ಹೊರಚೆಲ್ಲುವುದರಿಂದ ಬಡಿಯಲು ಸಿಗುವ ಸಮಯ ಬಹಳ ಕಡಿಮೆ. ಜೊತೆಗಾರ ಮೈಮರೆತನೋ, ಕಬ್ಬಿಣ ಆರಿತು, ಮತ್ತೆ ತಿದಿ ಒತ್ತಬೇಕು. ಮಾತಿನ ಮಟ್ಟಿಗೂ ಜಪಾನಿಯರು ಕಂಡಿದ್ದು ಇದನ್ನೇ. ಅಂದ ಹಾಗೆ ನಾವು ‘ಹೂಂಗುಟ್ಟುವುದು’ ಎನ್ನುತ್ತೇವಲ್ಲ, ಅದರೊಳಗಿನ ಗುಟ್ಟುವ ಸದ್ದೂ ನಮ್ಮ ಕುಟ್ಟುವ ಕೆಲಸವನ್ನೇ ನೆನಪಿಸುತ್ತದೆ.

ಅವರ ಜೊತೆ ಸುತ್ತಿಗೆಗಳಲ್ಲಿ ನಾನಾ ತೂಕದವು ಇವೆ. ‘ಹಾಯ್’ ಎಂಬುದು ಮರ್ಯಾದೆಯದು, ಯಾರಿಗೂ ಸಲ್ಲುತ್ತದೆ. ‘ಉನ್’ ಎಂಬುದು ಗೆಳೆಯರಿಗೆ, ಮನೆಯವರಿಗೆ ಮಾತ್ರ. ಮೇಲಧಿಕಾರಿಯ ಮುಂದೆ ‘ಉನ್’ ಎಂದರೆ ಕೆಲಸಕ್ಕೇ ಸಂಚಕಾರ. ‘ಸೋ ದೆಸು ನೆ’ ಎಂದರೆ ಹೆಚ್ಚುಕಡಿಮೆ ನಮ್ಮ ‘ಹೌದಲ್ಲ!’. ಅದನ್ನೇ ಕೊನೆಗೆ ‘ನೆ’ ಬದಲು ‘ಕಾ’ ಹಾಕಿ ದನಿ ಇಳಿಸಿ ಹೇಳಿದರೆ ‘ಹೌದಾ... ಹಂಗಾ’ ಎಂದಂತೆ, ಹೊಸ ಸುದ್ದಿ ಕೇಳಿದಾಗ ಅದು ಬೇಕು. ‘ಹೊಂತೊ?’ ಎಂದರೆ ‘ಖರೇನ?’. ‘ನರುಹೊದೊ’ ಎಂದರೆ ‘ಓಹೋ, ಈಗ ತಿಳೀತು’. ಇದನ್ನು ಮಾತ್ರ ಹಿರಿಯರ ಮುಂದೆ ಬಳಸಬಾರದೆನ್ನುತ್ತಾರೆ, ಅವರ ಮಾತಿಗೆ ನೀವು ಅಂಕ ಕೊಟ್ಟ ಹಾಗಾಗುತ್ತದಂತೆ! ಇನ್ನು ‘ಹಾಯ್’ ಅನ್ನು ಒಟ್ಟೊಟ್ಟಿಗೆ ಎರಡು ಸಲ ‘ಹಾಯ್ ಹಾಯ್’ ಎಂದರೆ ‘ಸಾಕು ನಿಲ್ಸು’ ಎಂಬ ಧ್ವನಿ ಬರುತ್ತದೆ. ಅಲ್ಲಿಯ ತಾಯಂದಿರು ಮಕ್ಕಳನ್ನು ಇದಕ್ಕಾಗಿಯೇ ಗದರುತ್ತಾರೆ. ನಮ್ಮ ಮನೆಗಳಲ್ಲೂ ಓದಲು ಕರೆದಾಗ ಬರುವ ‘ಆತ್ ಆತ್ ಆತ್’ ಎಂಬ ಉತ್ತರಕ್ಕೆ ಸಿಗುವ ಪ್ರಸಾದ ಬೇರೆಯೇನಲ್ಲ.

ನಮ್ಮ ಹುಡುಗ ಮೊದಲ ವಾರ ತರಗತಿಯಲ್ಲಿ ಅತ್ಯಂತ ವಿಧೇಯನಾಗಿ, ಕಣ್ಣರಳಿಸಿ, ಗಪ್ಪಾಗಿ ಕೇಳಿದನಂತೆ. ಶಾಲೆಯಲ್ಲಿ ನಾವು ಕಲಿಸಿದ್ದು ಅದನ್ನೇ. ಕಲಿಸುವವರಿಗೆ ಮಾತ್ರ ಇವನಿಗೆ ಏನೂ ತಿಳಿಯುತ್ತಿಲ್ಲವೆಂದೋ ಆಸಕ್ತಿಯಿಲ್ಲವೆಂದೋ ಅನ್ನಿಸಿತು. ಆದರೆ ಅದೇ ಹುಡುಗ ಮನೆಯಲ್ಲಿ ಅಜ್ಜಿಯೆದುರು ಕುಳಿತರೆ ನಿಮಿಷಕ್ಕೆ ಹತ್ತು ಸಲ ಹೂಂಗುಟ್ಟುತ್ತಾನೆ! ಗೊತ್ತಿಲ್ಲದ್ದೇನಲ್ಲ, ಅದೂ ಭಾಷೆಯ ಒಂದು ಭಾಗ ಎಂಬುದು ತಿಳಿದಿರಲಿಲ್ಲ, ಅಷ್ಟೆ.

ನಿಜಕ್ಕೂ ಈ ವಿಷಯದಲ್ಲಿ ನಮ್ಮ ಸೀಮೆಯಷ್ಟು ಶ್ರೀಮಂತ ಜಾಗಗಳು ಕಡಿಮೆ. ಚನ್ನಬಸವಣ್ಣನವರ ಸಮಾಧಿಯಿರುವ ಉಳವಿಯಲ್ಲಿ ಜಾತ್ರೆಯ ರಾತ್ರಿ ಒಂದು ಕಡೆ ಸುಮ್ಮನೆ ಕುಳಿತು ಕಿವಿಗೊಡಿ. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಹೂಡಿಕೊಂಡು ಬಂದವರ ‘ಹೂನ್ರೀ’, ‘ಹೌದ್ರೀ’, ‘ಖರೇ ಐತ್ರೀ’. ಜೊಯಿಡಾದ ಕುಣಬಿಗಳ ಕೊಂಕಣಿಯ ‘ಹೊಯ್’. ಗೌಳಿಗರ ಮರಾಠಿಯ ‘ಹೋ’. ಹಳಿಯಾಳ ಪೇಟೆಯ ವ್ಯಾಪಾರಿಯ ‘ಬರೋಬ್ಬರಿ’. ದಾಂಡೇಲಿಯ ಕಾಗದ ಕಾರ್ಖಾನೆಗೆಂದು ನಾನಾ ರಾಜ್ಯಗಳಿಂದ ಬಂದು ನೆಲೆಸಿದವರ ‘ಹಾಂ ಜೀ’. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟಿಯನ್ನರು ಹಿರಿಯರಿಗೆ ವಿನಯದಿಂದ ಹೇಳುವ ‘ಲಾ’. ಶಿರಸಿ, ಯಲ್ಲಾಪುರ ಕಡೆಯ ಹವ್ಯಕರದಂತೂ ‘ಅಡ್ಡಿಲ್ಲೆ’. ‘ನಾಳೆ ಬತ್ಯನೋ?’ ಎಂದರೂ ಅಡ್ಡಿಲ್ಲೆ, ‘ಪಾಯಸ ಹೆಂಗಾಯ್ದು?’ ಎಂದರೂ ಅಡ್ಡಿಲ್ಲೆ. ಅದು ಒಪ್ಪಿಗೆಯೋ, ಮೆಚ್ಚುಗೆಯೋ, ಬರೀ ಆಕ್ಷೇಪಣೆ ಇಲ್ಲವೆಂಬ ಪ್ರಮಾಣಪತ್ರವೋ, ಹೇಳಿದವರ ಮುಖ ನೋಡಿಯೇ ತಿಳಿಯಬೇಕು.

ಕರಾವಳಿಗೆ ಇಳಿದರೆ ಕುಂದಾಪುರದ ‘ಅಕ್ಕ್’, ತುಳುವಿನ ‘ಅಂದ್’. ಗೀಗೀ ಪದದಲ್ಲಿ ಮುಂದಿನವನು ಹಾಡಿದರೆ ಹಿಂದಿನವರು ಎತ್ತಿಕೊಳ್ಳುವುದು, ಯಕ್ಷಗಾನದಲ್ಲಿ ವೇಷಧಾರಿಯ ಮಾತಿಗೆ ಭಾಗವತರು ನಡುವೆ ಒಂದು ಮಾತು ಸೇರಿಸಿ ಮುಂದೆ ದೂಡುವುದು, ಇವೆಲ್ಲ ರಂಗದ ಮೇಲಿನ ಹೂಂಕಾರಗಳೇ. 2019ರ ಉಪಚುನಾವಣೆಯ ಹೊತ್ತಿಗೆ ಬೆಳಗಾವಿ ಜಿಲ್ಲೆಯ ಪ್ರಚಾರ ಸಭೆಯೊಂದರಲ್ಲಿ ಭಾಷಣದ ನಡುವೆ ಕೇಳುಗನೊಬ್ಬ ಕೂಗಿದ ‘ಹೌದ್ದು ಹುಲಿಯಾ’ ನಾಡಿನ ಮೂಲೆಮೂಲೆಗೂ ಹಬ್ಬಿತಲ್ಲ? ಭಾಷಣ ಮಾಡಿದವರು ಏನು ಹೇಳಿದರೆಂಬುದು ಬಹಳ ಮಂದಿಗೆ ಮರೆತಿದೆ. ಹೂಂಗುಟ್ಟಿದವನ ಮಾತು ಮಾತ್ರ ಉಳಿದಿದೆ.

ಒಂದು ಸಂಗತಿ ಗಮನಿಸಿ. ನಮ್ಮ ‘ಹೌದು’ ಹಳಗನ್ನಡದ ‘ಅಪ್ಪುದು’ ಎಂಬುದರಿಂದ ‘ಅಹುದು’ ಆಗಿ ಬಂದದ್ದು. ಅದರ ಬೇರು ‘ಆಗು’. ‘ಆಯ್ತು’, ‘ಆಗಲಿ’, ಕುಂದಾಪುರದ ‘ಅಕ್ಕ್’ ಇವುಗಳ ಬೇರೂ ಅದೇ. ಆಗಿರುವುದು, ಆಗಿ ಮುಗಿದದ್ದು, ಇನ್ನು ಆಗಬೇಕಾದದ್ದು ಎಂದು ಕಾಲ ಬದಲಾದಂತೆ ಒಪ್ಪಿಗೆಯ ಬಣ್ಣ ಬದಲಾಗುತ್ತದೆ. ಹೇಳಿದ್ದು ನಿಜವೆನ್ನಲು ಹೌದು, ಹೇಳಿದ ಕೆಲಸ ಮಾಡುತ್ತೇನೆನ್ನಲು ಆಯ್ತು, ನಿಮ್ಮ ಇಚ್ಛೆಯಂತೆ ನಡೆಯಲೆನ್ನಲು ಆಗಲಿ. ಆದರೆ ‘ಹೂಂ’ಗೆ ಈ ಬೇರು ಇಲ್ಲ. ಅದು ಬರೀ ಮೂಗಿನ ಸದ್ದು. ಕೇಳಿಸಿತು ಎಂಬುದಷ್ಟೇ ಅದರ ನಿಜವಾದ ಅರ್ಥ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜಪಾನಿಯ ‘ಹಾಯ್’ಗೂ ಇದೇ ಗತಿ. ಪುಸ್ತಕದಲ್ಲಿ ಅದಕ್ಕೆ ಹೌದು ಎಂಬ ಅರ್ಥ ಕೊಟ್ಟಿರುತ್ತಾರೆ. ಮಾತಿನ ನಡುವೆ ಬಂದಾಗ ಮಾತ್ರ ಅದು ‘ಕೇಳುತ್ತಿದ್ದೇನೆ, ಮುಂದುವರಿಸಿ’ ಎಂಬುದಷ್ಟೇ. ಹೊರದೇಶದ ವ್ಯಾಪಾರಿಗಳು ಸಾಲು ಸಾಲು ‘ಹಾಯ್’ ಕೇಳಿ ವ್ಯವಹಾರ ಕುದುರಿತೆಂದು ಹಿಗ್ಗಿ ಹೋಗಿ, ಆಮೇಲೆ ಪೆಚ್ಚಾಗುವುದು ಇದರಿಂದಲೇ. ಇಲ್ಲ ಎಂಬರ್ಥದ ಪ್ರಶ್ನೆಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ‘ಇನ್ನೂ ಊಟ ಮಾಡಿಲ್ಲೇನ?’ ಎಂದರೆ ನಾವು ‘ಹೂಂ, ಮಾಡಿಲ್ಲ’ ಎನ್ನಬಲ್ಲೆವು. ಜಪಾನಿಯರೂ ಹಾಗೆಯೇ ‘ಹಾಯ್’ ಎಂದು ಶುರುಮಾಡಿ ಮಾಡಿಲ್ಲ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಅಲ್ಲಿ ‘ಯೆಸ್’ ಎನ್ನುವಂತಿಲ್ಲ, ‘ನೋ’ ಎಂದೇ ಶುರುಮಾಡಬೇಕು. ನಮ್ಮ ಮಕ್ಕಳು ಇಂಗ್ಲಿಷ್ ಸಂದರ್ಶನದಲ್ಲಿ ಇಲ್ಲಿ ಎಡವುತ್ತಾರೆ. ಅದು ಜಾಣತನದ ಕೊರತೆಯಲ್ಲ. ನಾವು ಕೇಳಿದವರ ಮಾತಿಗೆ ಹೂಂ ಎನ್ನುತ್ತೇವೆ, ಇಂಗ್ಲಿಷಿನವರು ಊಟಕ್ಕೆ ಹೂಂ ಎನ್ನುತ್ತಾರೆ.

ಇನ್ನು ನನ್ನ ಸ್ವಂತ ಕ್ಷೇತ್ರಕ್ಕೆ ಬರುತ್ತೇನೆ. ವಿಜ್ಞಾನಿಗಳು ಹೂಂಕಾರವನ್ನು ಗಂಭೀರವಾಗಿ ನೋಡತೊಡಗಿ ಅರ್ಧ ಶತಮಾನ ದಾಟಿತು. 1970ರಲ್ಲಿ ಅಮೆರಿಕದ ವಿಕ್ಟರ್ ಇಂಗ್ವೆ ಎಂಬ ಭಾಷಾವಿಜ್ಞಾನಿ ಇದಕ್ಕೆ ‘ಬ್ಯಾಕ್ ಚಾನೆಲ್’ ಎಂದು ಹೆಸರಿಟ್ಟರು. ಮಾತು ಹರಿಯುವ ಮುಖ್ಯ ಕಾಲುವೆ ಒಂದು, ಅದಕ್ಕೆದುರಾಗಿ ಸದ್ದಿಲ್ಲದೆ ಹರಿಯುವ ಹಿಂಗಾಲುವೆ ಇನ್ನೊಂದು. ಈ ಹಿಂಗಾಲುವೆಯ ಸದ್ದು ಮುಖ್ಯ ಮಾತನ್ನು ಕೆಡಿಸಬಾರದು. ‘ಹೂಂ’ನ ರಚನೆ ಹಾಗೆಯೇ ಇದೆ: ತುಟಿ ಮುಚ್ಚಿ, ಉಸಿರನ್ನು ಮೂಗಿನಿಂದ ಬಿಟ್ಟು, ಕೆಳದನಿಯಲ್ಲಿ. ಅದರ ಏರಿಳಿತದಲ್ಲೇ ಅರ್ಥವೆಲ್ಲ ಅಡಗಿದೆ. ದನಿ ಇಳಿದರೆ ಸಮ್ಮತಿ, ಏರಿದರೆ ಪ್ರಶ್ನೆ, ಗಂಟಲಲ್ಲಿ ಒಮ್ಮೆ ತಡೆದು ಬಿಟ್ಟರೆ ‘ಊಹೂಂ’, ಎಳೆದರೆ ಸಂಶಯ. ‘ಆಂ?’ ಎಂಬ ಪ್ರಶ್ನೆಯ ಸದ್ದಂತೂ ಲೋಕದ ಬಹುತೇಕ ಭಾಷೆಗಳಲ್ಲಿ ಒಂದನ್ನೊಂದು ಹೋಲುತ್ತದೆಂದು 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ತೋರಿಸಿದರು. ನಗೆ ಬರಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2015ರಲ್ಲಿ ಅವರಿಗೆ ಬಂತು.

ಮುಖ್ಯವಾದದ್ದು ಸಮಯ. 2009ರಲ್ಲಿ ಹತ್ತು ಭಾಷೆಗಳ ಸಹಜ ಮಾತುಕತೆಯನ್ನು ಧ್ವನಿಮುದ್ರಿಸಿ ಅಳೆದ ಅಧ್ಯಯನವೊಂದು ಪ್ರಕಟವಾಯಿತು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು, ಕಣ್ಣೆವೆ ಬಡಿದಷ್ಟು ಹೊತ್ತು. ಹತ್ತರಲ್ಲಿ ಅತಿ ಚುರುಕು ಜಪಾನಿ, ಅತಿ ನಿಧಾನ ಡೆನ್ಮಾರ್ಕಿನ ಭಾಷೆ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮಲ್ಲೂ ಯಾರಾದರೂ ಅಳೆಯಬಹುದು. ಈಗ ಪ್ರತಿ ಮೊಬೈಲಿನಲ್ಲೂ ಧ್ವನಿಮುದ್ರಣದ ಸೌಲಭ್ಯವಿದೆ.

ಈ ಐದನೇ ಒಂದು ಭಾಗ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಒಂದು ಸಣ್ಣ ಲೆಕ್ಕ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ನಮ್ಮ ಮಾತು ಅಲ್ಲಿಗೆ ಏರಿ ಇಳಿಯಬೇಕಾದರೆ 72,000 ಕಿ.ಮೀ. ರೇಡಿಯೊ ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಭಾಗಿಸಿ: 0.24 ಸೆಕೆಂಡು. ಆ ಕಡೆಯವರ ‘ಹೂಂ’ ಮರಳಿ ಬರಲು ಇನ್ನೊಂದು 0.24. ಹೆಚ್ಚುಕಡಿಮೆ ಅರ್ಧ ಸೆಕೆಂಡು ತಡ! ಹಿಂದೆ ಉಪಗ್ರಹದ ಮೂಲಕ ವಿದೇಶದ ಕರೆ ಬರುತ್ತಿದ್ದ ಕಾಲದಲ್ಲಿ ಎರಡೂ ಕಡೆಯವರು ಒಟ್ಟಿಗೇ ಮಾತಾಡಿ, ಒಟ್ಟಿಗೇ ನಿಲ್ಲಿಸಿ, ‘ನೀವು ಹೇಳ್ರಿ’, ‘ಇಲ್ರಿ, ನೀವು ಹೇಳ್ರಿ’ ಎಂದು ದುಡ್ಡು ಕಳೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಈಗ ಬಹುತೇಕ ಕರೆಗಳು ಸಮುದ್ರದಡಿಯ ಕೇಬಲ್ಲಿನಲ್ಲಿ ಓಡುವುದರಿಂದ ಆ ಗೋಳು ತಗ್ಗಿದೆ. ಟೀವಿಯಲ್ಲಿ ದೂರದ ವರದಿಗಾರ ಪ್ರಶ್ನೆ ಮುಗಿದ ಮೇಲೂ ಕ್ಷಣಕಾಲ ಪಿಳಿಪಿಳಿ ನೋಡುತ್ತ ನಿಲ್ಲುವುದನ್ನು ಇಂದಿಗೂ ಕಾಣಬಹುದು.

ಮೊಬೈಲ್ ತಯಾರಿಸಿದ ಎಂಜಿನಿಯರುಗಳಿಗೂ ಹೂಂಕಾರದ ಮಹಿಮೆ ಗೊತ್ತು. ನೀವು ಮಾತಾಡದಿರುವಾಗ ಬ್ಯಾಟರಿ ಉಳಿಸಲು ಫೋನು ತನ್ನ ಪ್ರಸಾರವನ್ನು ಕಡಿಮೆ ಮಾಡುತ್ತದೆ. ಆಗ ಆ ಕಡೆ ಪೂರ್ತಿ ನಿಶ್ಶಬ್ದವಾದರೆ ಜನ ಕರೆ ಕಡಿದುಹೋಯಿತೆಂದು ತಿಳಿಯುತ್ತಾರೆ. ಆದ್ದರಿಂದ ಆ ಕಡೆಯ ಫೋನು ತಾನೇ ಒಂದು ಸಣ್ಣ ಸುಯ್ ಎಂಬ ಸದ್ದನ್ನು ಹುಟ್ಟಿಸುತ್ತದೆ. ಸಮಾಧಾನದ ಸದ್ದು ಎಂದೇ ಅದಕ್ಕೆ ಹೆಸರು. ಯಂತ್ರವೂ ಹೂಂಗುಟ್ಟಬೇಕಾದ ಕಾಲ!

ಕೇಳುವವನ ಹೂಂಗೆ ಹೇಳುವವನನ್ನು ಬದಲಿಸುವ ಶಕ್ತಿಯಿದೆಯೇ? 2000ದಲ್ಲಿ ಕೆನಡಾದ ಜಾನೆಟ್ ಬಾವೆಲಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ನನಗೆ ಬಹಳ ಹಿಡಿಸಿದೆ. ಒಬ್ಬರು ತಾವು ಅಪಾಯದಿಂದ ಸ್ವಲ್ಪದರಲ್ಲಿ ಪಾರಾದ ಕತೆ ಹೇಳಬೇಕು, ಇನ್ನೊಬ್ಬರು ಎದುರು ಕುಳಿತು ಕೇಳಬೇಕು. ಕೆಲವು ಕೇಳುಗರಿಗೆ ಮಾತ್ರ ಗುಟ್ಟಾಗಿ ಇನ್ನೊಂದು ಕೆಲಸ: ಕತೆಯಲ್ಲಿ ‘ಟಿ’ ಅಕ್ಷರದಿಂದ ಶುರುವಾಗುವ ಪದಗಳನ್ನು ಎಣಿಸುವುದು. ಪಾಪ, ಅವರು ಪ್ರತಿ ಪದವನ್ನೂ ಕಿವಿಗೊಟ್ಟು ಕೇಳುತ್ತಿದ್ದರು, ಕತೆಯನ್ನು ಮಾತ್ರ ಕೇಳುತ್ತಿರಲಿಲ್ಲ. ಸರಿಯಾದ ಜಾಗದಲ್ಲಿ ‘ಅಯ್ಯೋ’ ಬರಲಿಲ್ಲ, ಉಸಿರು ಬಿಗಿಹಿಡಿಯಲಿಲ್ಲ. ಪರಿಣಾಮ, ಅವರಿಗೆ ಹೇಳಿದ ಕತೆಗಳೇ ಕೆಟ್ಟವು. ರೋಚಕ ಘಟ್ಟ ಬಂದಾಗ ಹೇಳುವವರು ತಡವರಿಸಿದರು, ಕೊನೆಯನ್ನು ಥಟ್ಟನೆ ಮುಗಿಸಿದರು, ಮುಗಿದ ಮೇಲೂ ವಿವರಣೆ ಕೊಡುತ್ತ ಹೋದರು. ಹೇಳುವ ಕಲೆ ಅರ್ಧ ಕೇಳುವವರಲ್ಲಿದೆ ಎಂದಾಯಿತು. ನಮ್ಮ ಅಜ್ಜಿಯರು ಕತೆ ಶುರುಮಾಡುವ ಮೊದಲೇ ‘ಹೂಂ ಅನ್ಬೇಕು, ಇಲ್ಲಾಂದ್ರ ಕತಿ ಹೇಳೂದುಲ್ಲ’ ಎಂದು ಕರಾರು ಹಾಕುತ್ತಿದ್ದುದು ಈ ಪ್ರಯೋಗಕ್ಕಿಂತ ಹಳೆಯದು. (ಮಗು ನಿದ್ದೆ ಹೋಯಿತೋ ಇಲ್ಲವೋ ತಿಳಿಯಲು ಅದಕ್ಕಿಂತ ಸುಲಭದ ಮಾಪಕವೂ ಇರಲಿಲ್ಲ.) ರಾಜಸ್ಥಾನದ ಕತೆಗಾರರಲ್ಲಂತೂ ‘ಹುಂಕಾರೋ’ ಕೊಡಲೆಂದೇ ಒಬ್ಬ ಕೇಳುಗ ಎದುರಿಗೆ ಇರುತ್ತಾನೆ.

2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಇಳಿದಾಗ ಮಾಸ್ತರರಾದ ನಮಗೆಲ್ಲ ಆದದ್ದು ಇದೇ. ಜೊಯಿಡಾ ತಾಲ್ಲೂಕಿನ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತುತ್ತಿದ್ದರು. ಅವರ ಕಷ್ಟ ದೊಡ್ಡದು, ಅದರ ಬಗ್ಗೆ ಎಲ್ಲರೂ ಬರೆದರು. ಈ ಕಡೆ ಮೈಕು ಮುಚ್ಚಿದ ನಲವತ್ತು ಹೆಸರುಗಳಿಗೆ ಬೆಳಕಿನ ವಕ್ರೀಭವನ ಹೇಳುವುದು ಹೇಗೆ? ತರಗತಿಯಲ್ಲಾದರೆ ಮಕ್ಕಳ ಹುಬ್ಬು ನೋಡಿ ಉದಾಹರಣೆ ಬದಲಿಸುತ್ತೇವೆ. ಅಲ್ಲಿ ಹುಬ್ಬೂ ಇಲ್ಲ, ಹೂಂ ಕೂಡ ಇಲ್ಲ. ಹತ್ತು ನಿಮಿಷದಲ್ಲಿ ಹೇಳಬಹುದಾದದ್ದನ್ನು ಇಪ್ಪತ್ತು ನಿಮಿಷ ಹೇಳಿಯೂ ಹೇಳಿದಂತಾಗುತ್ತಿರಲಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಹೂಂ ಎಷ್ಟು ಅಪಾಯಕಾರಿ ಎಂಬುದನ್ನೂ ಹೇಳದಿದ್ದರೆ ಆಗದು. 1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ. ದಟ್ಟ ಮಂಜು. ಒಂದೇ ಓಡುದಾರಿಯ ಮೇಲೆ ಎರಡು ಬೋಯಿಂಗ್ 747 ವಿಮಾನಗಳು, ಒಂದಕ್ಕೊಂದು ಕಾಣುತ್ತಿಲ್ಲ. ಒಂದು ವಿಮಾನದವರು ತಾವು ಹಾರುವ ಹಂತದಲ್ಲಿದ್ದೇವೆ ಎಂಬರ್ಥದ, ಆದರೆ ಸ್ಪಷ್ಟವಲ್ಲದ ಮಾತು ಹೇಳಿದರು. ನಿಯಂತ್ರಣ ಗೋಪುರದವನು ‘ಓಕೆ’ ಎಂದ. ಕ್ಷಣ ತಡೆದು ‘ಹಾರಲು ಕಾಯಿರಿ, ನಾನೇ ಕರೆಯುತ್ತೇನೆ’ ಎಂದೂ ಹೇಳಿದ. ಅದೇ ಕ್ಷಣಕ್ಕೆ ಇನ್ನೊಂದು ವಿಮಾನದವರು ತಾವಿನ್ನೂ ಓಡುದಾರಿಯ ಮೇಲಿದ್ದೇವೆಂದು ಹೇಳತೊಡಗಿದರು. ಒಂದೇ ಕಂಪನಾಂಕದಲ್ಲಿ ಇಬ್ಬರು ಒಟ್ಟಿಗೆ ಪ್ರಸಾರ ಮಾಡಿದರೆ ಅಲೆಗಳು ಬೆರೆತು ಕೀಚಲು ಶಿಳ್ಳೆ ಹುಟ್ಟುತ್ತದೆ. ಆ ಶಿಳ್ಳೆಯಲ್ಲಿ ಉಳಿದ ಮಾತೆಲ್ಲ ಹೂತುಹೋಯಿತು. ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಒಂದೇ. ‘ಕೇಳಿಸಿತು’ ಎಂಬ ಓಕೆಯೋ, ‘ಹೊರಡಿ’ ಎಂಬ ಓಕೆಯೋ? ವಿಮಾನ ಅಷ್ಟರಲ್ಲಿ ಓಡತೊಡಗಿತ್ತು. ಢಿಕ್ಕಿಯಲ್ಲಿ ಸತ್ತವರು 583 ಮಂದಿ. ಕಾರಣಗಳು ಹಲವಿದ್ದವು, ಈ ಒಂದು ಪದವೂ ಅವುಗಳಲ್ಲಿ ಸೇರಿತು.

ಆಮೇಲೆ ವಿಮಾನಲೋಕದ ಮಾತಿನ ನಿಯಮಗಳು ಬಿಗಿಯಾದವು. ಹಾರುವ ಅಪ್ಪಣೆಯಂಥ ಮುಖ್ಯ ಸೂಚನೆಗೆ ಬರೀ ಓಕೆ ಎಂದರೆ ಸಾಲದು, ಕೇಳಿಸಿಕೊಂಡದ್ದನ್ನು ಪೈಲಟ್ ಪೂರ್ತಿಯಾಗಿ ತಿರುಗಿ ಹೇಳಬೇಕು. ರೇಡಿಯೊ ಭಾಷೆಯಲ್ಲಿ ‘ರಾಜರ್’ ಎಂದರೆ ನಿಮ್ಮ ಮಾತು ತಲುಪಿತು ಎಂದಷ್ಟೇ. ‘ವಿಲ್ಕೊ’ ಎಂದರೆ ತಲುಪಿತು ಮತ್ತು ಹಾಗೆಯೇ ಮಾಡುತ್ತೇನೆ. ನಮ್ಮ ಹೂಂ ರಾಜರ್, ನಮ್ಮ ಆಯ್ತು ವಿಲ್ಕೊ.

ವಿಮಾನದ ಕತೆ ನಮಗೇಕೆ ಎನ್ನಬೇಡಿ. ತರಗತಿಯಲ್ಲಿ ‘ತಿಳೀತೇನ್ರೋ?’ ಎಂದು ಕೇಳಿದರೆ ಐವತ್ತು ಕಂಠಗಳಿಂದ ‘ಹೂಂ ಸರ್ರ’ ಎಂಬ ರಾಜರ್ ಬರುತ್ತದೆ. ಅದನ್ನು ವಿಲ್ಕೊ ಎಂದುಕೊಂಡು ಮುಂದಿನ ಪಾಠಕ್ಕೆ ಹೋಗುವ ಮಾಸ್ತರರಿಗೆ ಕಿರುಪರೀಕ್ಷೆಯ ದಿನ ಕಣ್ಣು ತೆರೆಯುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರು ‘ಈ ಗುಳಿಗೆ ಊಟಕ್ಕ ಮೊದ್ಲು, ಇದು ಊಟಾದ ಮ್ಯಾಲ’ ಎನ್ನುವಾಗ ನಮ್ಮ ಹಿರಿಯರು ಭಕ್ತಿಯಿಂದ ತಲೆಯಾಡಿಸುತ್ತಾರೆ, ಹೊರಗೆ ಬಂದು ಔಷಧದ ಅಂಗಡಿಯವನನ್ನು ಕೇಳುತ್ತಾರೆ. ಮಕ್ಕಳೇ, ಅಜ್ಜ ಅಜ್ಜಿಯರ ಜೊತೆ ನೀವು ಹೋದಾಗ ಪೈಲಟ್ಟಿನಂತೆ ಒಮ್ಮೆ ತಿರುಗಿ ಹೇಳಿ: ‘ಬಿಳೀದು ಮೊದ್ಲು, ಕೆಂಪಂದು ಆಮ್ಯಾಲ, ಹೌದಲ್ರೀ ಡಾಕ್ಟ್ರ?’ ಯಾವ ಡಾಕ್ಟರೂ ಸಿಟ್ಟಾಗುವುದಿಲ್ಲ.

ಎಲ್ಲಕ್ಕಿಂತ ನನಗೆ ಚಿಂತೆಯಾಗುವುದು ಮೇ, ಜೂನ್ ತಿಂಗಳಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿರುತ್ತದೆ. ಅಪ್ಪ ಪೇಪರ್ ಮಡಚಿಟ್ಟು ‘ಸೈನ್ಸ್ ತಗೋತೀಯಲ್ಲ?’ ಎನ್ನುತ್ತಾರೆ. ಮಗ ‘ಹೂಂ’ ಎನ್ನುತ್ತಾನೆ. ಅಥವಾ ಮಗಳಿಗೆ ‘ಕಾಲೇಜು ದೂರ ಆಕ್ಕೈತಿ, ಇಲ್ಲೇ ಇರ್ತೀಯಲ್ಲವಾ?’ ಎಂದರೆ ಆಕೆಯದೂ ‘ಹೂಂ’. ಮನೆಯವರ ಲೆಕ್ಕದಲ್ಲಿ ಮಾತು ಮುಗಿಯಿತು. ಮೌನವೇ ಸಮ್ಮತಿಯ ಲಕ್ಷಣ ಎನ್ನುವ ನಾಡಿನಲ್ಲಿ ಹೂಂಗೆ ರುಜು ಹಾಕಿದ ಕರಾರುಪತ್ರದ ಬೆಲೆ. ಎರಡು ವರ್ಷದ ಮೇಲೆ ಹುಡುಗ ಭೌತಶಾಸ್ತ್ರದಲ್ಲಿ ಉರುಳಿದಾಗ ‘ಅವತ್ತ ನೀನ ಹೂಂ ಅಂದಿದ್ದೆಲ್ಲೋ’ ಎಂಬ ವಾದ ಹೊರಬರುತ್ತದೆ. ಅವನು ಅಂದದ್ದು ನಿಜ. ಅಪ್ಪನ ಮಾತು ಕೇಳಿಸಿತೆಂದು ಅಂದಿದ್ದ.

ಪಾಲಕರಿಗೆ ನನ್ನದೊಂದು ಸೂಚನೆ. ಹೂಂ ಎಂದೇ ಉತ್ತರ ಬರುವಂಥ ಪ್ರಶ್ನೆ ಕೇಳಬೇಡಿ. ‘ಅಲ್ಲ?’ ಎಂದು ಕೊನೆಗೊಳ್ಳುವ ಪ್ರಶ್ನೆಗೆ ಹತ್ತನೇ ತರಗತಿಯ ಮಗು ಊಹೂಂ ಎನ್ನುವ ಧೈರ್ಯ ಮಾಡದು. ‘ಯಾವುದು ತಗೋಬೇಕಂತೀ? ಯಾಕ?’ ಎಂದು ಕೇಳಿ ಸುಮ್ಮನಿರಿ. ಎಷ್ಟು ಹೊತ್ತಾದರೂ ಸುಮ್ಮನಿರಿ. ಮಗು ಬಾಯಿಬಿಟ್ಟ ಮೇಲೆ ಹೂಂಗುಟ್ಟುವ ಕೆಲಸ ನಿಮ್ಮದು. ಆ ಜಪಾನಿ ಜೊತೆಗಾರನ ಹಾಗೆ, ಮಗು ತೋರಿಸಿದ ಜಾಗದಲ್ಲಿ ಮಾತ್ರ. ನಡುವೆ ಬುದ್ಧಿವಾದ ಬೇಡ. ಮುಗಿದ ಮೇಲೆ ಅದು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ, ಸರಿಯಾಗಿ ಕೇಳಿಸಿಕೊಂಡಿರೋ ಇಲ್ಲವೋ ಅದೇ ಹೇಳಲಿ. ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಒಪ್ಪಿಗೆಯಿಲ್ಲದಾಗ ಹೂಂ ಅಂದು ಎದ್ದು ಹೋಗಬೇಡಿ. ‘ನೀವು ಹೇಳಿದ್ದು ಕೇಳಸ್ತಪ್ಪಾ, ಎರಡು ದಿನ ವಿಚಾರ ಮಾಡ್ತೀನಿ’ ಎನ್ನಿ. ಇದರಲ್ಲಿ ಉದ್ಧಟತನವೇನೂ ಇಲ್ಲ, ಯಾವ ಹಿರಿಯರ ಮುಂದೆಯೂ ಹೇಳಬಹುದು.

ಈ ವಾರದ ಪ್ರಯೋಗಕ್ಕೆ ಖರ್ಚಿಲ್ಲ. ಮನೆಯಲ್ಲಿ ಯಾರಾದರೂ ಫೋನಿನಲ್ಲಿ ಹತ್ತು ನಿಮಿಷ ಮಾತಾಡುವಾಗ ಪಕ್ಕದಲ್ಲಿ ಕುಳಿತು ಅವರು ಎಷ್ಟು ಸಲ ಹೂಂ, ಎಷ್ಟು ಸಲ ಹೌದು, ಎಷ್ಟು ಸಲ ಆಯ್ತು ಎಂದರೆಂದು ಮೂರು ಕಂಬಸಾಲು ಹಾಕಿ ಗೆರೆ ಎಳೆಯಿರಿ. ಮಾರನೆಯ ದಿನ ಊರಿನ ಅಜ್ಜಿಗೆ ನೀವೇ ಫೋನು ಮಾಡಿ, ಅವರು ಮಾತಿಗೆ ತೊಡಗಿದ ಮೇಲೆ ಒಂದು ಹೂಂ ಕೂಡ ಹಾಕದೆ ಗಡಿಯಾರ ನೋಡುತ್ತ ಕುಳಿತಿರಿ. ‘ಹಲೋ, ಕೇಳ್ತೈತೇನ? ಅದೀಯೇನ?’ ಎಂಬ ಪ್ರಶ್ನೆ ಎಷ್ಟನೇ ಸೆಕೆಂಡಿಗೆ ಬಂತೆಂದು ಬರೆದುಕೊಳ್ಳಿ. ನನ್ನ ಅಂದಾಜಿನಲ್ಲಿ ಹತ್ತು ಸೆಕೆಂಡು ದಾಟಲಾರದು. ಆಮೇಲೆ ಅಜ್ಜಿಗೆ ವಿಷಯ ತಿಳಿಸಿ, ಕತೆಯನ್ನು ಮೊದಲಿನಿಂದ ಹೇಳಿಸಿಕೊಳ್ಳಿ.